ಜಿಂಕೆಗೆ ಜೋಳ ಹಾಕೋ ಮೊದ್ಲು ಇದನ್ನೊಂದ್ಸಲ ಓದಿ

ಪ್ರತಿ ವರ್ಷ ಹಿಮ ಮೊಣಕಾಲು ಮುಟ್ತಿದ್ದ ಹಾಗೇ ಪರಿಚಯದವ್ರಲ್ಲಿ ಯಾರಾದ್ರೂ ಒಬ್ರು ನಂಗೆ ಫೋಟೋ ಕಳಿಸ್ತಾರೆ. ಮನೆ ಹಿಂದಿನ ಮರಗಳ ಸಾಲಲ್ಲಿ ನಾಲ್ಕೈದು ಬಿಳಿಬಾಲದ ಜಿಂಕೆ (ಅಮೆರಿಕದಲ್ಲಿ ಮಾಮೂಲಾಗಿ ಕಾಣೋ ಜಾತಿ), ಬೆನ್ನ ಮೇಲೆಲ್ಲ ಹಿಮ, ಸೊಂಟದ ಮೂಳೆ ಎದ್ದು ಕಾಣ್ತಾ ಇರುತ್ತೆ, ಕೆಳಗೆ ಒಂದು ಪ್ರಶ್ನೆ: "ಒಂದು ಚೀಲ ಮೆಕ್ಕೆಜೋಳ ತಂದು ಸುರಿದ್ರೆ ಪಾಪ ಬದುಕ್ಕೋತಾವಲ್ವಾ?" ನಂಗೆ ಈ ಪ್ರಾಣಿಗಳ ಹುಚ್ಚು ಇದೆ ಅಂತ ಎಲ್ರಿಗೂ ಗೊತ್ತು, ಅದಕ್ಕೇ ನನ್ನನ್ನೇ ಕೇಳ್ತಾರೆ. ನಾನು "ಬೇಡ" ಅಂತೀನಿ. ಅಲ್ಲಿಗೆ ನಾನು ಕಟುಕ ಅಂತ ತೀರ್ಮಾನ ಆಗಿಬಿಡುತ್ತೆ, ಯಾಕೆ ಬೇಡ ಅಂತ ಕೇಳೋ ತಾಳ್ಮೆ ಯಾರಿಗೂ ಇರಲ್ಲ. ಅದಕ್ಕೇ ಈ ಸಲ ಕೂತು ಉದ್ದಕ್ಕೆ ಬರೆದುಬಿಡ್ತೀನಿ, ಮುಂದಿನ ಸಲ ಲಿಂಕ್ ಕಳಿಸಿದ್ರಾಯ್ತು.

ಮೊದ್ಲು ಹೊಟ್ಟೆ ವಿಷಯ. ಜಿಂಕೆ ಮೆಲುಕು ಹಾಕೋ ಪ್ರಾಣಿ, ನಾಲ್ಕು ಕೋಣೆಯ ಜಠರ. ಮೊದಲನೇ ದೊಡ್ಡ ಕೋಣೆ ರೂಮೆನ್, ಅದರೊಳಗೆ ಕೋಟ್ಯಂತರ ಬ್ಯಾಕ್ಟೀರಿಯಾ, ಪ್ರೋಟೋಜೋವಾ ವಾಸ. ತಿಂದದ್ದನ್ನ ಕೊಳೆಸಿ ಕರಗಿಸಿ ಶಕ್ತಿ ಮಾಡಿ ಕೊಡೋದು ಇವೇ, ಜಿಂಕೆ ಒಂದು ರೀತೀಲಿ ಇವುಗಳನ್ನ ಸಾಕ್ಕೊಂಡು ಇವುಗಳ ದುಡಿಮೆ ಮೇಲೆ ಬದುಕುತ್ತೆ. ಬೇಸಿಗೇಲಿ ಹಸಿರೆಲೆ, ಶರತ್ಕಾಲದಲ್ಲಿ ಓಕ್ ಬೀಜ, ಆಮೇಲೆ ನಿಧಾನಕ್ಕೆ ರೆಂಬೆ ತುದಿ, ಮೊಗ್ಗು, ಸೀಡರ್ ಎಲೆ, ಏನೂ ಸಿಗದಿದ್ರೆ ತೊಗಟೆ, ಹೀಗೆ ಊಟ ಬದಲಾಗ್ತಾ ಹೋದಂಗೆ ಒಳಗಿನ ಸೂಕ್ಷ್ಮಜೀವಿಗಳ ಜನಸಂಖ್ಯೆನೂ ಬದಲಾಗ್ತಾ ಹೋಗುತ್ತೆ. ಈ ಬದಲಾವಣೆಗೆ ಎರಡು ಮೂರು ವಾರ ಬೇಕು. ನಡು ಚಳಿಗಾಲದ ಹೊತ್ತಿಗೆ ಒಳಗಡೆ ಇರೋದೆಲ್ಲ ನಾರು, ಕಟ್ಟಿಗೆ ಜೀರ್ಣ ಮಾಡೋ ಗಿರಾಕಿಗಳೇ.

ಇಂಥ ಹೊಟ್ಟೆಗೆ ಒಂದೇ ಸಲಕ್ಕೆ ಎರಡು ಮೂರು ಕೆಜಿ ಜೋಳ ಬಿದ್ರೆ ಏನಾಗುತ್ತೆ? ಜೋಳ ಅಂದ್ರೆ ಪಿಷ್ಟ. ಪಿಷ್ಟ ಸಿಕ್ಕ ತಕ್ಷಣ ಲ್ಯಾಕ್ಟಿಕ್ ಆಸಿಡ್ ಮಾಡೋ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ದುಪ್ಪಟ್ಟು ಮುಪ್ಪಟ್ಟು ಆಗ್ತವೆ, ಆಮ್ಲ ಏರಿ ನಾರು ಜೀರ್ಣ ಮಾಡೋ ಹಳೇ ತಂಡ ಸತ್ತುಹೋಗುತ್ತೆ, ರೂಮೆನ್ನಿನ ಒಳಗೋಡೆ ಸುಟ್ಟ ಹಾಗಾಗುತ್ತೆ, ಮೈಯಲ್ಲಿರೋ ನೀರೆಲ್ಲ ಹೊಟ್ಟೆಗೆ ಇಳಿದು ಭೇದಿ ಶುರುವಾಗುತ್ತೆ, ಆಮ್ಲ ರಕ್ತಕ್ಕೂ ಸೇರುತ್ತೆ. ಒಂದೆರಡು ದಿನ, ಹೆಚ್ಚಂದ್ರೆ ಮೂರು ದಿನದಲ್ಲಿ ಪ್ರಾಣಿ ಸತ್ತು ಬಿದ್ದಿರುತ್ತೆ. ದನ ಸಾಕಿದವ್ರಿಗೆ ಇದು ಹೊಸದೇನಲ್ಲ, ಹಗ್ಗ ಬಿಚ್ಕೊಂಡ ಹಸು ಕಾಳಿನ ಚೀಲಕ್ಕೆ ಬಾಯಿ ಹಾಕಿದ್ರೆ ರಾತ್ರೋರಾತ್ರಿ ಡಾಕ್ಟ್ರನ್ನ ಕರೆಸೋದು ಇದೇ ಕಾರಣಕ್ಕೆ. ಹಸುವಿಗೆ ಡಾಕ್ಟ್ರು ಬರ್ತಾರೆ. ಜಿಂಕೆ ಮಾತ್ರ ಜೋಳ ತಿಂದು, ಬಾಯಿ ಒರೆಸ್ಕೊಂಡು, ಕಾಡೊಳಗೆ ಹೋಗಿ ಯಾವುದೋ ಮರದ ಬುಡದಲ್ಲಿ ಮಲಗಿ ಸಾಯುತ್ತೆ, ಅದಕ್ಕೇ ಹಾಕಿದವ್ರಿಗೆ ಇದು ಕಣ್ಣಿಗೆ ಬೀಳೋದೇ ಇಲ್ಲ. "ನಾನು ಎಷ್ಟೋ ವರ್ಷದಿಂದ ಹಾಕ್ತಾ ಇದ್ದೀನಿ, ಏನೂ ಆಗಿಲ್ಲ" ಅನ್ನೋ ಮಾತು ಹುಟ್ಟೋದು ಇಲ್ಲಿಂದಲೇ. ಎಲ್ಲ ಜಿಂಕೆನೂ ಸಾಯಲ್ಲ, ನಿಜ. ಮೊದ್ಲಿಂದಾನೇ ಸ್ವಲ್ಪ ಸ್ವಲ್ಪ ಕಾಳು ತಿಂದು ಅಭ್ಯಾಸ ಆದದ್ದು ಬದುಕುತ್ತೆ, ಹಸಿದು ಬಂದು ಒಂದೇ ಸಲ ಹೊಟ್ಟೆ ಬಿರಿಯೆ ತಿಂದದ್ದು ಹೋಗುತ್ತೆ. ಅಂದ್ರೆ ನಾವು ಯಾರನ್ನ ನೋಡಿ ಕರಗಿ ಚೀಲ ಬಿಚ್ಚಿದ್ವೋ ಅದೇ ಮೊದ್ಲು ಹೋಗೋದು.

ಸರಿ, ಜೋಳ ಬೇಡ, ಒಣಹುಲ್ಲು ಹಾಕೋಣ ಅಂತೀರಾ. ಅದರದ್ದು ಬೇರೆ ಕಥೆ. ಜಿಂಕೆ ಹಸುವಿನ ಹಾಗೆ ಹುಲ್ಲು ಮೇಯೋ ಪ್ರಾಣಿ ಅಲ್ಲ, ಅದು ಸೊಪ್ಪು, ಚಿಗುರು, ಮೊಗ್ಗು ಆರಿಸಿ ಆರಿಸಿ ಕಿತ್ತು ತಿನ್ನೋ ಜಾತಿ, ರೂಮೆನ್ ಚಿಕ್ಕದು, ತಿಂದದ್ದು ಬೇಗ ಮುಂದಕ್ಕೆ ಹೋಗಬೇಕು. ಒರಟು ಒಣಹುಲ್ಲು ತುಂಬಿಸ್ಕೊಂಡ್ರೆ ಅದು ಒಳಗೇ ಕೂತ್ಕೊಳ್ಳುತ್ತೆ, ಹೊಟ್ಟೆ ತುಂಬಿದ ಹಾಗಿರುತ್ತೆ, ಮೈಗೆ ಹತ್ತಲ್ಲ. ಚಳಿಗಾಲದಲ್ಲಿ ಸತ್ತ ಜಿಂಕೆಗಳ ಹೊಟ್ಟೆ ಕುಯ್ದು ನೋಡಿದಾಗ ಹುಲ್ಲು ಗಟ್ಟಿಯಾಗಿ ತುಂಬಿರೋದು ವನ್ಯಜೀವಿ ಇಲಾಖೆಯವ್ರಿಗೆ ಮಾಮೂಲಿ ಸಂಗತಿ. ತುಂಬಿದ ಹೊಟ್ಟೇಲಿ ಹಸಿವಿನಿಂದ ಸಾಯೋದು ಅಂದ್ರೆ ಇದೇ. ಎಲ್ಕ್ (ಅಮೆರಿಕದ ಒಂದು ದೊಡ್ಡ ಜಿಂಕೆ), ಯೂರೋಪಿನ ಕೆಂಪು ಜಿಂಕೆ ಇವೆಲ್ಲ ಸ್ವಲ್ಪ ಬೇರೆ, ಅವು ಹುಲ್ಲನ್ನೂ ಚೆನ್ನಾಗಿ ಅರಗಿಸ್ಕೋತವೆ. ಎಲ್ಕ್‌ಗಳಿಗೆ ಕುದುರೆ ಗಾಡೀಲಿ ಹುಲ್ಲು ಹಂಚೋ ಫೋಟೋ ನೋಡಿದವ್ರು ಅದನ್ನೇ ಬಿಳಿಬಾಲದ ಜಿಂಕೆಗೂ ಮಾಡೋಕೆ ಹೋಗ್ತಾರೆ, ಅಲ್ಲೇ ಎಡವಟ್ಟು.

ಇನ್ನು "ಪಾಪ, ಬೆನ್ನ ಮೇಲೆಲ್ಲ ಹಿಮ" ಅಂತಾರಲ್ಲ, ಆ ಹಿಮವನ್ನ ಸ್ವಲ್ಪ ಹತ್ತಿರದಿಂದ ನೋಡಿ. ಅದು ಕರಗ್ತಾ ಇಲ್ಲ. ಮೈಯ ಬಿಸಿ ಹೊರಗೆ ಬರ್ತಾನೇ ಇಲ್ಲ ಅಂತ ಅದರರ್ಥ. ಚಳಿಗಾಲದ ಜಿಂಕೆ ರೋಮ ಒಂದೊಂದೂ ಒಳಗೆ ಟೊಳ್ಳು, ಗಾಳಿ ತುಂಬಿರುತ್ತೆ, ಅದರ ಕೆಳಗೆ ಮೃದುವಾದ ದಟ್ಟ ಉಣ್ಣೆ ಇನ್ನೊಂದು ಪದರ. ಅದರ ಕೆಳಗೆ ಕೊಬ್ಬು. ಒಳ್ಳೆ ಶರತ್ಕಾಲ ಕಂಡ ಹೆಣ್ಣು ಜಿಂಕೆ ಮೈತೂಕದಲ್ಲಿ ಸುಮಾರು ಐದನೇ ಒಂದು ಭಾಗ ಕೊಬ್ಬೇ ಇರುತ್ತೆ. ಇದನ್ನ ಹಂಚ್ಕೊಂಡು ಚಳಿಗಾಲ ದಾಟಬೇಕು, ತಿಂಗಳ ಕೊನೇಲಿ ಪರ್ಸ್ ನೋಡ್ಕೊಂಡು ಖರ್ಚು ಮಾಡೋ ಹಾಗೆ. ಬೋನಿನೊಳಗೆ ಸಾಕಿದ ಜಿಂಕೆಗಳ ಮುಂದೆ ಬೇಕಾದಷ್ಟು ಮೇವು ಇಟ್ಟರೂ ಚಳಿಗಾಲದಲ್ಲಿ ಅವು ತಾವಾಗೇ ಕಡಿಮೆ ತಿಂತವೆ, ತೂಕನೂ ಇಳಿಸ್ತವೆ. ಅಂದ್ರೆ ಸಣ್ಣಗಾಗೋದು ಒಂದು ಮಟ್ಟಿಗೆ ಅವುಗಳ ಪ್ಲಾನ್.

ನಂಗೆ ಇದರಲ್ಲೆಲ್ಲ ತುಂಬ ಇಷ್ಟ ಆದದ್ದು ಆಸ್ಟ್ರಿಯಾದ ಕೆಲಸ. ವಿಯೆನ್ನಾದ ವಾಲ್ಟರ್ ಆರ್ನಾಲ್ಡ್ ಮತ್ತು ಅವರ ತಂಡ ಕೆಂಪು ಜಿಂಕೆಗಳ ಹೃದಯ ಬಡಿತ, ಚರ್ಮದಡಿಯ ಉಷ್ಣತೆ ಎರಡನ್ನೂ ಹಗಲು ರಾತ್ರಿ ಅಳೆದು 2004ರಲ್ಲಿ ಪ್ರಕಟಿಸಿದ್ರು. ಚಳಿಗಾಲದ ಕೊನೆಯ ಕೊರೆಯೋ ರಾತ್ರಿಗಳಲ್ಲಿ ಜಿಂಕೆ ತನ್ನ ಹೃದಯ ನಿಧಾನ ಮಾಡ್ಕೊಂಡು, ಮೈಯ ಹೊರಭಾಗವನ್ನ ತಣ್ಣಗಾಗೋಕೆ ಬಿಟ್ಟುಬಿಡುತ್ತಂತೆ, ಚರ್ಮದಡಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿದದ್ದುಂಟು. ಅಷ್ಟು ದೊಡ್ಡ ಪ್ರಾಣಿ ಹೆಚ್ಚುಕಮ್ಮಿ ಅರ್ಧ ನಿದ್ದೆಗೆ ಹೋಗಿ ಖರ್ಚು ಉಳಿಸುತ್ತೆ! ಇಂಥ ಹೊತ್ತಲ್ಲಿ ಬಕೆಟ್ ಹಿಡ್ಕೊಂಡು ನಾವು ಹೋದ್ವಿ ಅನ್ಕೊಳ್ಳಿ, ನಾಯಿ ಬೇರೆ ಜೊತೇಲಿ, ಅವು ಬೆದರಿ ಎದೆಮಟ್ಟ ಹಿಮದಲ್ಲಿ ಹಾರಿ ಹಾರಿ ಓಡ್ತವೆ. ದಿನಗಟ್ಟಲೆ ಉಳಿಸಿದ್ದು ಐದು ನಿಮಿಷದಲ್ಲಿ ಖಾಲಿ. ಸ್ವಿಟ್ಜರ್ಲೆಂಡಿನಲ್ಲಿ ಚಳಿಗಾಲಕ್ಕೆ ಅಂತಲೇ ಕೆಲವು ಕಾಡುಗಳನ್ನ ಪ್ರಾಣಿಗಳ ವಿಶ್ರಾಂತಿ ವಲಯ ಅಂತ ಗುರುತಿಸಿದ್ದಾರೆ, ಸ್ಕೀ ಮಾಡೋರು ದಾರಿ ಬಿಟ್ಟು ಒಳಗೆ ಹೋಗೋ ಹಾಗಿಲ್ಲ, ಹೋದ್ರೆ ದಂಡ. ಮೇವಿನ ಚೀಲಕ್ಕಿಂತ ಇದು ಎಷ್ಟೋ ವಾಸಿ ಅಂತ ನಂಗನ್ಸುತ್ತೆ.

ಹಾಗಂತ ಚಳಿಗಾಲ ಯಾರನ್ನೂ ಕೊಲ್ಲಲ್ಲ ಅಂತ ನಾನು ಹೇಳ್ತಾ ಇಲ್ಲ. ಚೆನ್ನಾಗೇ ಕೊಲ್ಲುತ್ತೆ. ಮೊದ್ಲು ಮರಿಗಳು, ಯಾಕಂದ್ರೆ ಬೆಳೆಯೋದರಲ್ಲೇ ಎಲ್ಲ ಖರ್ಚಾಗಿ ಕೊಬ್ಬು ಕೂಡಿಡೋಕೆ ಟೈಮೇ ಇರಲ್ಲ, ಕಾಲು ಬೇರೆ ಗಿಡ್ಡ. ಆಮೇಲೆ ದೊಡ್ಡ ಗಂಡುಗಳು, ಬೆದೆಗಾಲದಲ್ಲಿ ಊಟ ನಿದ್ದೆ ಬಿಟ್ಟು ಹೆಣ್ಣುಗಳ ಹಿಂದೆ ಅಲೆದು ಕಾದಾಡಿ ಕೊಬ್ಬೆಲ್ಲ ಕರಗಿಸಿಕೊಂಡು ಚಳಿಗಾಲಕ್ಕೆ ಕಾಲಿಡ್ತವಲ್ಲ. ಹಿಮ ಕರಗೋ ಕಾಲದಲ್ಲಿ ಕಾಡು ಸುತ್ತಿದ್ರೆ ಸಿಗ್ತವೆ. ಹಾಗೆ ಸಿಕ್ಕ ಒಂದರ ತೊಡೆಮೂಳೆಯನ್ನ ಜೊತೇಲಿದ್ದ ಅರಣ್ಯದವ್ರು ಗರಗಸದಲ್ಲಿ ಕೊಯ್ದು ತೋರಿಸಿದ್ರು. ಚೆನ್ನಾಗಿರೋ ಜಿಂಕೆಯ ಮಜ್ಜೆ ಬಿಳಿ, ಗಟ್ಟಿ, ಉಗುರಲ್ಲಿ ಒತ್ತಿದ್ರೆ ಅಚ್ಚು ಬೀಳುತ್ತೆ. ಇದರದ್ದು ಕೆಂಪಗೆ, ಒದ್ದೆಯಾಗಿ, ಮೂಳೆ ಓರೆ ಮಾಡಿದ್ರೆ ಜಾರೋ ಹಂಗಿತ್ತು. ಬೆನ್ನಿನ ಕೊಬ್ಬು ಮುಗಿದು, ಮೂತ್ರಪಿಂಡದ ಸುತ್ತಲಿನದ್ದು ಮುಗಿದು, ಕೊಟ್ಟಕೊನೆಗೆ ದೇಹ ಕೈ ಹಾಕೋದು ಈ ಮಜ್ಜೆಗೆ. ಹಸಿವಿನಿಂದ ಸತ್ತಿದೆಯಾ ಬೇರೆ ಕಾರಣಕ್ಕಾ ಅಂತ ಅವ್ರು ನೋಡೋದೇ ಹೀಗೆ. ನಮ್ಮ ಕಣ್ಣಿಗೆ ಬಡಕಲು ಅಂತ ಕಂಡದ್ದೆಲ್ಲ ಸಾಯೋ ಸ್ಥಿತೀಲಿರಲ್ಲ, ದಪ್ಪ ರೋಮದಲ್ಲಿ ಗುಂಡಗೆ ಕಂಡದ್ದು ಒಳಗೆ ಖಾಲಿಯಾಗಿರಲೂಬಹುದು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಳಿಗಾಲದ ಕಠೋರತೆಗೂ ಅಂಕ ಕೊಡ್ತಾರೆ. ಡಿಸೆಂಬರ್ 1ರಿಂದ ಏಪ್ರಿಲ್ 30ರ ತನಕ, ನೆಲದ ಮೇಲೆ 18 ಇಂಚು ಅಥವಾ ಅದಕ್ಕಿಂತ ಹೆಚ್ಚು ಹಿಮ ಇದ್ದ ದಿನಕ್ಕೊಂದು ಅಂಕ, ಉಷ್ಣತೆ ಸೊನ್ನೆ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಕೆಳಗೆ ಇಳಿದ ದಿನಕ್ಕೊಂದು. ಒಟ್ಟು 50ರ ಒಳಗಿದ್ರೆ ಸೌಮ್ಯ, 100 ದಾಟಿದ್ರೆ ಅತಿ ಕಠೋರ. ಸರಳ ಲೆಕ್ಕ, ಆದ್ರೆ ಅದರಲ್ಲಿ ಒಂದು ವಿಷಯ ಅಡಗಿದೆ ನೋಡಿ: ಒಂದು ವಾರದ ಭಯಂಕರ ಚಳಿಗಿಂತ ಹಿಮ ಎಷ್ಟು ಕಾಲ ನಿಂತಿತ್ತು ಅನ್ನೋದೇ ಮುಖ್ಯ. ಏಪ್ರಿಲ್‌ನಲ್ಲೂ ನೆಲ ಕಾಣದಿದ್ರೆ ಆ ವರ್ಷ ಕಷ್ಟ. 2022-23ರ ಚಳಿಗಾಲ ಅಂಥದ್ದು, ವಯೋಮಿಂಗ್‌ನ ಪಶ್ಚಿಮ ಭಾಗದ ಒಂದು ದೊಡ್ಡ ಮ್ಯೂಲ್ ಜಿಂಕೆ (ಪಶ್ಚಿಮ ಅಮೆರಿಕದ ಇನ್ನೊಂದು ಜಾತಿ) ಹಿಂಡಿನಲ್ಲಿ ರೇಡಿಯೋ ಕಾಲರ್ ಹಾಕಿದ ಮರಿಗಳಲ್ಲಿ ಒಂದೂ ಉಳೀಲಿಲ್ಲ, ದೊಡ್ಡ ಹೆಣ್ಣುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಹೋದವು. ಇಂಥ ವರ್ಷ ಕೈ ಕಟ್ಟಿ ಕೂತ್ಕೊಳ್ಳೋದು ಯಾರಿಗೂ ಸುಲಭ ಅಲ್ಲ, ಒಪ್ತೀನಿ. ಅದೇ ಚಳಿಗಾಲ ಪಕ್ಕದ ಯೂಟಾದಲ್ಲಿ ಇಲಾಖೆಯವ್ರೇ ಕೆಲವು ಕಡೆ ತುರ್ತು ಮೇವು ಹಾಕಿದ್ರು. ಹಾಕಿದ್ದು ಜೋಳ ಅಲ್ಲ, ಜಿಂಕೆ ಹೊಟ್ಟೆಗೆ ಅಂತಲೇ ತಯಾರಾದ ಪೆಲೆಟ್ (ಮೇವು ಒತ್ತಿ ಮಾಡಿದ ಗುಳಿಗೆ), ಅದನ್ನೂ ಕೊಬ್ಬು ಎಷ್ಟು ಉಳಿದಿದೆ, ಹಿಮ ಎಷ್ಟಿದೆ, ರೋಗ ಇದೆಯಾ ಅಂತ ನೋಡಿದ ಮೇಲೇ.

ರೋಗ ಅಂದೆ ಅಲ್ವಾ, ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಚಿಕ್ಕದಾಗಿ ಸಿಡಬ್ಲ್ಯೂಡಿ, ಜಿಂಕೆ ಜಾತಿಯನ್ನ ನಿಧಾನಕ್ಕೆ ಸೊರಗಿಸಿ ಕೊಲ್ಲೋ ರೋಗ. ವೈರಸ್ಸೂ ಅಲ್ಲ ಬ್ಯಾಕ್ಟೀರಿಯಾನೂ ಅಲ್ಲ, ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನ್, ಪ್ರಯಾನ್ ಅಂತಾರೆ. ಮೊದ್ಲು ಕಂಡದ್ದು 1967ರಲ್ಲಿ ಕೊಲರಾಡೋದ ಸಂಶೋಧನಾ ಕೇಂದ್ರದೊಳಗಿನ ಜಿಂಕೆಗಳಲ್ಲಿ, ಅದು ಮಿದುಳಿನ ರೋಗ ಅಂತ ಪಶುವೈದ್ಯೆ ಎಲಿಜಬೆತ್ ವಿಲಿಯಮ್ಸ್ ಪತ್ತೆ ಹಚ್ಚಿದ್ದು 1970ರ ದಶಕದ ಕೊನೆಗೆ. ಈಗ ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಔಷಧ ಇಲ್ಲ, ಲಸಿಕೆ ಇಲ್ಲ, ಹಿಡಿದ ಜಿಂಕೆ ಸತ್ತೇ ಸಾಯುತ್ತೆ, ಆದ್ರೆ ತಕ್ಷಣ ಅಲ್ಲ, ಒಂದೂವರೆ ಎರಡು ವರ್ಷ ಚೆನ್ನಾಗೇ ಓಡಾಡ್ಕೊಂಡು ಜೊಲ್ಲು, ಮೂತ್ರ, ಹಿಕ್ಕೆ ಎಲ್ಲದರಲ್ಲೂ ಹರಡ್ತಾ ಇರುತ್ತೆ. ಮಣ್ಣಿಗೆ ಬಿದ್ದ ಪ್ರಯಾನ್ ವರ್ಷಗಟ್ಟಲೆ ಹಾಗೇ ಇರುತ್ತೆ. ಈಗ ಮೇವಿನ ರಾಶಿ ನೆನಪು ಮಾಡ್ಕೊಳ್ಳಿ. ಕಾಡಲ್ಲಿ ಚದುರಿ ಒಂದೊಂದು ಪೊದೆ ಕಿತ್ತು ತಿನ್ನೋ ಪ್ರಾಣಿಗಳು ಒಂದೇ ಜಾಗದಲ್ಲಿ ಮೂತಿಗೆ ಮೂತಿ ತಾಗಿಸಿ, ಒಬ್ಬರ ಜೊಲ್ಲು ಬಿದ್ದ ಕಾಳನ್ನ ಇನ್ನೊಬ್ರು ನೆಕ್ತಾ, ಅಲ್ಲೇ ಹಿಕ್ಕೆ ಹಾಕ್ತಾ ದಿನಾ ಸೇರೋದು. ರೋಗಕ್ಕೆ ಇದಕ್ಕಿಂತ ಅನುಕೂಲ ಏನು ಬೇಕು ಹೇಳಿ. ನಾರ್ವೆಯಲ್ಲಿ 2016ರಲ್ಲಿ ಕಾಡು ಹಿಮಸಾರಂಗದಲ್ಲಿ ಇದು ಸಿಕ್ಕಾಗ ನೂರ್ಡ್‌ಫ್ಯೆಲ್ಲಾ ಅನ್ನೋ ಬೆಟ್ಟ ಪ್ರದೇಶದ ಆ ಇಡೀ ಹಿಂಡನ್ನೇ, ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನ, ಮುಗಿಸಬೇಕಾಯ್ತು. ಕುರಿಗಳಿಗೆ ಅಂತ ಇಟ್ಟ ಉಪ್ಪಿನ ಗಡ್ಡೆ ನೆಕ್ಕೋಕೆ ಹಿಮಸಾರಂಗಗಳೂ ಬಂದು ಸೇರ್ತಿದ್ದವು, ಅಂಥ ಜಾಗಗಳ ಮೇಲೂ ಅನುಮಾನ ಬಂತು. ಉಪ್ಪಿಗೇ ಹೀಗೆ ಅಂದ್ರೆ ದಿನಾ ಸುರಿಯೋ ಮೇವಿನ ಗತಿ?

ರಾಶಿ ಹತ್ರ ಇನ್ನೊಂದೂ ಆಗುತ್ತೆ. ಬಲವಾಗಿರೋದು ಮೊದ್ಲು ತಿನ್ನುತ್ತೆ, ಹತ್ರ ಬಂದ ಮರಿಗಳನ್ನ ಮುಂಗಾಲೆತ್ತಿ ಹೊಡೆದು ಓಡಿಸುತ್ತೆ. ಕಿಟಕಿಯಿಂದ ನೋಡ್ತಾ ಇದ್ರೆ ಇದು ಸ್ಪಷ್ಟವಾಗಿ ಕಾಣುತ್ತೆ. ಮರಿಗಳು ಅಂಚಲ್ಲಿ ನಿಂತು ಕಾಯೋದೇ ಆಯ್ತು, ಕಾದು ಕಾದು ಚಳಿ ತಿಂದದ್ದು ಲಾಭ. ರಸ್ತೆ ದಾಟಿ ಬರೋಕೆ ಕಲಿತ್ರೆ ಕಾರಿಗೆ ಸಿಕ್ತವೆ. ಸುತ್ತಲಿನ ಗಿಡಗಳ ಕಥೆಯಂತೂ ಕೇಳ್ಬೇಡಿ, ಮೇವಿನ ಜೊತೆ ಅವುಗಳಿಗೆ ರೆಂಬೆನೂ ಬೇಕು, ಒಂದೇ ಕಡೆ ಸೇರಿ ಕೈಗೆಟುಕೋ ಎತ್ತರದಲ್ಲಿ ಒಂದು ಮೊಗ್ಗೂ ಬಿಡಲ್ಲ. ಜಿಂಕೆ ತಿಂದ ರೆಂಬೆ ಗುರುತಿಸೋದು ಸುಲಭ: ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಇಲ್ಲದ ಕಾರಣ ಅದು ಕತ್ತರಿಸಲ್ಲ, ಹಿಡಿದು ಎಳೆದು ಹರಿಯುತ್ತೆ, ತುದಿಯಲ್ಲಿ ನಾರು ನಾರಾಗಿ ಸಿಪ್ಪೆ ನೇತಾಡ್ತಿರುತ್ತೆ. ಮೊಲ ತಿಂದದ್ದಾದ್ರೆ ಚಾಕುವಲ್ಲಿ ಓರೆಯಾಗಿ ಕೊಯ್ದ ಹಾಗೆ ನೀಟಾಗಿರುತ್ತೆ.

ಇಷ್ಟೆಲ್ಲ ಗೊತ್ತಿದ್ರೂ ದೊಡ್ಡ ಮಟ್ಟದಲ್ಲಿ ಮೇವು ಹಾಕೋ ಜಾಗಗಳಿವೆ ಅಲ್ವಾ ಅಂತ ಕೇಳ್ತೀರಿ. ಇವೆ. ಯಾಕೆ ಅಂತ ನೋಡಿದ್ರೆ ನಿಜವಾದ ಪ್ರಶ್ನೆ ಬೇರೆನೇ ಇದೆ ಅನ್ಸುತ್ತೆ. ವಯೋಮಿಂಗ್‌ನ ಜಾಕ್ಸನ್ ಕಣಿವೆ ತಗೊಳ್ಳಿ. ಎಲ್ಕ್‌ಗಳು ಬೇಸಿಗೆಯಲ್ಲಿ ಬೆಟ್ಟದ ಮೇಲೆ, ಚಳಿಗಾಲಕ್ಕೆ ಕೆಳಗಿನ ಹುಲ್ಲುಗಾವಲಿಗೆ. ಆ ಹುಲ್ಲುಗಾವಲಲ್ಲಿ ರ‍್ಯಾಂಚು, ಪಟ್ಟಣ, ಬೇಲಿ ಬಂತು. 1909ರಿಂದ 1911ರ ನಡುವಿನ ಕೆಟ್ಟ ಚಳಿಗಾಲಗಳಲ್ಲಿ ಸಾವಿರಾರು ಎಲ್ಕ್ ಹಸಿದು ಸತ್ತವು, ಸ್ಟೀಫನ್ ಲೀಕ್ ಅನ್ನೋ ರ‍್ಯಾಂಚರ್ ಅವುಗಳ ಫೋಟೋ ತೆಗೆದು ದೇಶಕ್ಕೆಲ್ಲ ತೋರಿಸಿದ್ರು, 1912ರಲ್ಲಿ ನ್ಯಾಷನಲ್ ಎಲ್ಕ್ ರೆಫ್ಯೂಜ್ ಅನ್ನೋ ರಕ್ಷಿತ ಜಾಗ ಆಯ್ತು. ಮೇವು ಹಾಕೋಕೆ ಶುರು ಮಾಡಿದ್ರು. ನೂರು ವರ್ಷ ದಾಟಿದ ಮೇಲೂ ನಿಲ್ಲಿಸೋಕೆ ಆಗ್ತಾ ಇಲ್ಲ. ಹುಲ್ಲು ಹೋಗಿ ಆಲ್ಫಾಲ್ಫಾ ಅನ್ನೋ ಮೇವಿನ ಸೊಪ್ಪಿನ ಪೆಲೆಟ್ ಬಂತು, ಸಾವಿರಾರು ಎಲ್ಕ್ ಒಂದೇ ಬಯಲಲ್ಲಿ ಸಾಲಾಗಿ ನಿಂತು ತಿನ್ನೋದು ಹಾಗೇ ಉಳೀತು, ಬ್ರುಸೆಲ್ಲೋಸಿಸ್ (ಗರ್ಭಪಾತ ಮಾಡಿಸೋ ಅಂಟುರೋಗ) ಅವುಗಳಲ್ಲೇ ಬೇರೂರಿತು, ಈಗ ಸಿಡಬ್ಲ್ಯೂಡಿ ಬಾಗಿಲಿಗೆ ಬಂದು ನಿಂತಿದೆ. ನಿಲ್ಲಿಸಿದ್ರೆ ಹಸಿದ ಎಲ್ಕ್‌ಗಳು ಸುತ್ತಲಿನ ದನದ ಕೊಟ್ಟಿಗೆಗೆ ನುಗ್ತವೆ, ಮುಂದುವರಿಸಿದ್ರೆ ರೋಗ. ಜಾಗ ಕಿತ್ಕೊಂಡಿದ್ದಕ್ಕೆ ಕಟ್ತಾ ಇರೋ ಬಾಡಿಗೆ ಇದು ಅಂತಲೇ ನಾನು ಅನ್ಕೊಂಡಿರೋದು.

ನೆದರ್ಲೆಂಡ್ಸ್‌ನ ಓಸ್ಟ್‌ವಾರ್ಡರ್ಸ್‌ಪ್ಲಾಸನ್ ಅನ್ನೋ ರಕ್ಷಿತ ಜಾಗದ ಕಥೆ ಇನ್ನೂ ಕಹಿ. ಸಮುದ್ರದಿಂದ ಗೆದ್ದ ನೆಲದಲ್ಲಿ ಬೇಲಿ ಹಾಕಿ, ಕೆಂಪು ಜಿಂಕೆ, ಕುದುರೆ, ಹಳೇ ತಳಿ ಹೋಲೋ ದನ ಬಿಟ್ಟು, ಪ್ರಕೃತಿ ತನ್ನ ಪಾಡಿಗೆ ನೋಡ್ಕೊಳ್ಳಲಿ ಅಂತ ಬಿಟ್ಟರು. ಬೇರೆ ಕಾಡಿಗೆ ದಾರಿ ಮಾಡ್ಕೊಡೋ ಯೋಜನೆ ನಡುವಲ್ಲೇ ಬಿದ್ದುಹೋಯ್ತು. 2017-18ರ ಚಳಿಗಾಲದಲ್ಲಿ ಐದು ಸಾವಿರ ಚಿಲ್ಲರೆ ಪ್ರಾಣಿಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೋದವು, ಬಹುಪಾಲನ್ನ ನರಳೋ ಮೊದ್ಲೇ ಸಿಬ್ಬಂದಿಯವ್ರೇ ಗುಂಡು ಹಾಕಿ ಕೊಂದದ್ದು. ಜನ ಸಿಟ್ಟಿಗೆದ್ದು ಬೇಲಿ ಮೇಲಿಂದ ಹುಲ್ಲಿನ ಕಟ್ಟು ಎಸೆದ್ರು, ಆಮೇಲೆ ಸರ್ಕಾರನೂ ಮೇವು ಹಾಕ್ತು, ಆಮೇಲೆ ಒಟ್ಟು ಸಂಖ್ಯೆ 1,500ರ ಆಸುಪಾಸಲ್ಲಿರಬೇಕು ಅಂತ ತೀರ್ಮಾನ ಆಗಿ ಮತ್ತೆ ಗುಂಡು. ಆ ಹುಲ್ಲು ಎಸೆದವ್ರನ್ನ ನಾನು ಬೈಯಲ್ಲ. ಕಾಡಿನ ಜಿಂಕೆ ಹಿಮ ಜಾಸ್ತಿಯಾದ್ರೆ ಬೇರೆ ಕಡೆ ನಡೆದು ಹೋಗುತ್ತೆ, ಸೀಡರ್, ಹೆಮ್ಲಾಕ್ ಮರಗಳ ದಟ್ಟ ನೆರಳಲ್ಲಿ ಹಿಂಡಾಗಿ ಸೇರಿ ಎಲ್ರೂ ತುಳಿದು ತುಳಿದು ದಾರಿ ಮಾಡ್ಕೊಳ್ಳುತ್ತೆ. ಬೇಲಿಯೊಳಗಿನದ್ದಕ್ಕೆ ಅದೆಲ್ಲ ಎಲ್ಲಿ? ಬೇಲಿ ಹಾಕಿದವ್ರಿಗೆ ಮೇವಿನ ಜವಾಬ್ದಾರಿನೂ ಇದೆ, ಅದು ಕಾಡುಪ್ರಾಣಿ ಅಂತ ಬೋರ್ಡ್ ಹಾಕಿದ್ರೆ ತಪ್ಪಿಸ್ಕೊಳ್ಳೋಕಾಗಲ್ಲ.

ಹಾಗಾದ್ರೆ ಮನೆ ಹಿಂದೆ ಜಿಂಕೆ ನಿಂತಿರೋ ನೀವು ಏನು ಮಾಡ್ಬೇಕು? ನಿಮ್ಮ ಜಾಗದಲ್ಲಿ ಹಿಮ ತಡೆಯೋ ದಟ್ಟ ನಿತ್ಯಹಸಿರು ಮರಗಳಿದ್ರೆ ಕಡೀಬೇಡಿ, ಅವುಗಳ ಕೆಳಗೆ ಗಾಳಿ ಕಮ್ಮಿ, ಹಿಮ ಕಮ್ಮಿ, ಅದೇ ಅವುಗಳ ಮನೆ. ಬೇರೆ ಮರ ಹೇಗೂ ಕಡಿಯೋದಿದ್ರೆ ಚಳಿಗಾಲದಲ್ಲಿ ಕಡಿದು ಕೊಂಬೆಗಳನ್ನ ಅಲ್ಲೇ ಬಿಡಿ, ಮೇಪಲ್, ಬಿಳಿ ಸೀಡರ್ ತುದಿಗಳನ್ನ ರಾತ್ರೋರಾತ್ರಿ ಬಂದು ತಿಂದು ಹೋಗ್ತವೆ, ಆಗಲೇ ತಿಂತಿರೋ ಊಟವೇ ಆದ್ದರಿಂದ ಹೊಟ್ಟೆಗೂ ತೊಂದ್ರೆ ಇಲ್ಲ. ಗದ್ದೆ ಅಂಚಿನ ಹಳೇ ಮುಳ್ಳುತಂತಿ ಬೇಲಿ ಉಪಯೋಗ ಇಲ್ಲ ಅಂದ್ರೆ ಕಿತ್ತುಹಾಕಿ. ಅದಕ್ಕೆ ಸಿಕ್ಕಿ ಹಾಕ್ಕೊಂಡು ಒದ್ದಾಡಿ ಸಾಯೋ ಮರಿಗಳು ಎಷ್ಟೋ. ನಾಯಿಗೆ ಬೆಲ್ಟ್ ಹಾಕಿ, ಹಿಂಡು ಮಲಗೋ ಕಡೆ ಏಪ್ರಿಲ್ ತನಕ ಹೋಗ್ಲೇಬೇಡಿ, ಕಿಟಕಿಯಿಂದ ನೋಡಿ ಸಾಕು. ತೋಟದ ಪೊದೆ ತಿಂದ್ರೆ ತಿನ್ಲಿ ಬಿಡಿ, ಮತ್ತೆ ಚಿಗುರುತ್ತೆ.

ಈಗಾಗ್ಲೇ ಹಾಕ್ತಾ ಇದ್ದೀರಾ? ಹಾಗಿದ್ರೆ ನಡು ಚಳಿಗಾಲದಲ್ಲಿ ದಿಢೀರ್ ಅಂತ ನಿಲ್ಲಿಸ್ಬೇಡಿ, ಅವು ಬೇರೆ ಜಾಗ ಬಿಟ್ಟು ನಿಮ್ಮ ನಂಬ್ಕೊಂಡು ಅಲ್ಲೇ ಉಳಿದಿರ್ತವೆ. ಹಾಕೋದನ್ನ ದಿನ ದಿನಕ್ಕೆ ಕಮ್ಮಿ ಮಾಡ್ತಾ, ರಾಶಿ ಹಾಕದೆ ದೂರ ದೂರ ಚೆಲ್ತಾ, ಹಿಮ ಕರಗೋ ಹೊತ್ತಿಗೆ ಪೂರ್ತಿ ಬಿಡಿ, ಮುಂದಿನ ವರ್ಷ ಶುರು ಮಾಡ್ಬೇಡಿ. ಅದಕ್ಕೂ ಮೊದ್ಲು ನಿಮ್ಮ ವನ್ಯಜೀವಿ ಇಲಾಖೆಗೆ ಒಂದು ಫೋನ್ ಮಾಡಿ, ಯಾಕಂದ್ರೆ ಸಿಡಬ್ಲ್ಯೂಡಿ ಇರೋ ಎಷ್ಟೋ ಕಡೆ ಮೇವು ಹಾಕೋದೇ ಕಾನೂನು ಪ್ರಕಾರ ಅಪರಾಧ, ಅಲ್ಲಾದ್ರೆ ಹೇಗೆ ನಿಲ್ಲಿಸ್ಬೇಕು ಅಂತ ಅವ್ರೇ ಹೇಳ್ತಾರೆ.